ಎಡಪುಟ ಖಾಲಿ ಬಿಟ್ಟ ಪುಸ್ತಕ

ಮೊನ್ನೆ ಗದಗಿನ ಮಾರ್ಕೆಟ್ಟಿನಲ್ಲಿ ಹಣ್ಣಿನ ಅಂಗಡಿಯವನು ನನ್ನೆದುರೇ ದ್ರಾಕ್ಷಿಯ ರಟ್ಟಿನ ಪೆಟ್ಟಿಗೆಯೊಂದನ್ನು ಬಿಚ್ಚಿದ. ಮೇಲೆ ಹಾಸಿದ್ದ ತೆಳು ಕಾಗದ ಎತ್ತಿದ್ದೇ ತಡ, ಬೆಂಕಿಕಡ್ಡಿ ಗೀರಿದ ಹಾಗೆ ಸಣ್ಣಗೆ ಗಂಧಕದ ವಾಸನೆ ಬಂತು. ಹಣ್ಣು ಕೆಡದಿರಲಿ ಎಂದು ಆ ಕಾಗದಕ್ಕೆ ಗಂಧಕ ಸವರಿರುತ್ತಾರೆ. ಅದರ ಹಿಂದೆ ಹಸಿ ರಟ್ಟಿನ ವಾಸನೆ, ದ್ರಾಕ್ಷಿಯದು ಎಲ್ಲಕ್ಕಿಂತ ಕೊನೆಗೆ. "ಎಷ್ಟ್ ಕಟ್ಲಿ ಅಕ್ಕಾರ?" ಎಂದು ಅವನು ಕೇಳುತ್ತಲೇ ಇದ್ದ, ನಾನು ಅಷ್ಟು ಹೊತ್ತಿಗೆ ನಾಶಿಕ ಮುಟ್ಟಿಯಾಗಿತ್ತು. ಹಣ್ಣು ಹಾಗಿರಲಿ, ಆ ಪೆಟ್ಟಿಗೆ ಖಾಲಿ ಮಾಡಿ ಕೊಡುತ್ತೀಯೇನಪ್ಪ ಎಂದೆ. ರಿಟೈರಾದವರಿಗೆ ಹೀಗೆಲ್ಲ ಆಗುತ್ತದೆ ಎಂಬಂತೆ ನನ್ನ ಮುಖ ನೋಡಿ, ಪೆಟ್ಟಿಗೆ ಕೊಟ್ಟ.

ಮನೆಗೆ ತಂದು, ಕಪಾಟಿನಲ್ಲಿದ್ದ ಒಂದು ತೆಳ್ಳನೆಯ ಪುಸ್ತಕದ ಪಕ್ಕ ಇಟ್ಟು ಎರಡನ್ನೂ ಮೂಸಿ ನೋಡಿದೆ. ಪುಸ್ತಕದ ವಾಸನೆ ಮಾಸಿದೆ. ಆದರೂ ಅದೇ ವಾಸನೆ. ಅದರ ಹೊದಿಕೆಯನ್ನು ಒಳಗಡೆಯಿಂದ ನೋಡಿದರೆ ಈಗಲೂ ಅರ್ಧ ದ್ರಾಕ್ಷಿಗೊಂಚಲು ಕಾಣಿಸುತ್ತದೆ.

ನಿವೃತ್ತಿ ಹತ್ತಿರ ಬಂದಿದ್ದ ಕಾಲದಲ್ಲಿ ಬ್ಯಾಂಕಿನವರು ನನ್ನನ್ನು ಗದಗಿನಿಂದ ಕಿತ್ತು ನಾಶಿಕಕ್ಕೆ ಹಾಕಿದರು. ಮಗಳ ಮದುವೆಯಾಗಿತ್ತು, ಯಜಮಾನರು ತಮ್ಮ ವಕೀಲಿ ಬಿಟ್ಟು ಬರುವಂತಿರಲಿಲ್ಲ. ಒಬ್ಬಳೇ ಬಾಡಿಗೆ ಖೋಲಿ ಹಿಡಿದೆ. ದಿನವಿಡೀ ಮರಾಠಿಯಲ್ಲಿ ಹೂಂಗುಟ್ಟಿ ಸಂಜೆ ಮನೆಗೆ ಬಂದರೆ, ಕುಕ್ಕರಿನ ಸೀಟಿಯೊಂದೇ ನನ್ನ ಜೊತೆ ಮಾತಾಡುತ್ತಿತ್ತು. ಹಾಗಿರುವಾಗ ನಮ್ಮ ಬ್ರಾಂಚಿಗೆ ಪಿಂಚಣಿ ತೆಗೆಯಲು ಬಂದ ಒಬ್ಬ ಹಿರಿಯರು ನನ್ನ ಹೆಸರಿನ ಫಲಕ ನೋಡಿ, "ನೀವು ನಮ್ಮ ಕಡಿಯವ್ರು ಕಾಣ್ತೀರಿ. ಕವಿತಾ ಬರೀತೀರೇನು?" ಎಂದು ಕೇಳಿದರು. ಬ್ಯಾಂಕಿನ ಕೌಂಟರಿನಲ್ಲಿ ಯಾರೂ ಕೇಳಬಾರದ ಪ್ರಶ್ನೆ. ನಾನು ಬರೆಯುತ್ತಿದ್ದೆ, ಆದ್ದರಿಂದ ಇನ್ನೂ ಮುಜುಗರವಾಯಿತು.

ಅವರು ವಾಮನರಾವ್ ದೇಸಾಯಿ. ಬಾಗಲಕೋಟೆ ಕಡೆಯವರು. ಜೀವಮಾನವೆಲ್ಲ ನೋಟು ಅಚ್ಚುಹಾಕುವ ಛಾಪಖಾನೆಯಲ್ಲಿ ಕೆಲಸ ಮಾಡಿದವರು. "ಎಲ್ಲಾರಿಗೂ ಬೇಕಾಗೂದನ್ನ ಛಾಪಿಸಿ ಸಾಕಾತು ಬಾಯಾರ, ಈಗ ಯಾರೂ ಕೇಳದ್ದನ್ನ ಛಾಪಸ್ತೀನಿ" ಎನ್ನುತ್ತಿದ್ದರು. ಯಾರೂ ಕೇಳದ್ದು ಎಂದರೆ ಕವಿತೆ. ಹಿಟ್ಟಿನ ಗಿರಣಿಯೊಂದರ ಮೇಲಿದ್ದ ಒಂದೇ ಕೋಣೆ ಅವರ ಪ್ರಕಾಶನ. ಅದಕ್ಕೆ ಅವರು ಇಟ್ಟಿದ್ದ ಹೆಸರೂ ಅದೇ, 'ಮ್ಯಾಲಿನ ಖೋಲಿ'. ಅಚ್ಚಿನ ಕೆಲಸ ಹೊರಗೆ ಆಗುತ್ತಿತ್ತು. ಹಾಳೆ ಮಡಚುವುದು, ಹೊಲಿಯುವುದು, ಹೊದಿಕೆ ಅಂಟಿಸುವುದು ಎಲ್ಲ ಇಲ್ಲಿ. ಕನ್ನಡ, ಮರಾಠಿ ಎರಡೂ ಪುಸ್ತಕ ಬರುತ್ತಿದ್ದವು. ಕೆಳಗೆ ಗಿರಣಿ ತಿರುಗಿದರೆ ಮೇಲೆ ಮೇಜು ನಡುಗುತ್ತಿತ್ತು, ಮೇಜಿನ ಮೇಲಿನ ಕವಿತೆಯೂ ನಡುಗುತ್ತಿತ್ತು. ಎಲ್ಲ ಪುಸ್ತಕಗಳ ಮೇಲೂ ಜೋಳ ಗೋಧಿಯ ಹಿಟ್ಟು ತೆಳ್ಳಗೆ ಕೂತಿರುತ್ತಿತ್ತು.

ಹೊಲಿಗೆ ಕೆಲಸದ ಒಡತಿ ಮಂಗಲತಾಯಿ. ಸಟಾಣಾದ ಹೆಂಗಸು, ಮರಾಠಿ ಶಾಲೆಯ ಟೀಚರು, ತಾನೂ ಮರಾಠಿಯಲ್ಲಿ ಕವಿತೆ ಬರೆಯುವವಳು. ಪಿಂಪಳಗಾಂವ್ ಬಸವಂತದಲ್ಲಿ ಅವಳ ತಮ್ಮನಿಗೆ ದ್ರಾಕ್ಷಿ ಪೆಟ್ಟಿಗೆಗಳ ಗೋದಾಮಿತ್ತು. ಬಣ್ಣ ಕಲಸಿಹೋದ, ಮೂಲೆ ಮುರಿದ ರಟ್ಟುಗಳನ್ನು ಅವನು ಅಕ್ಕನಿಗೆ ಕಳಿಸುತ್ತಿದ್ದ. ಅವೇ ನಮ್ಮ ಪುಸ್ತಕಗಳ ಹೊದಿಕೆ. ಮೇಲುಗಡೆ ಕವಿಯ ಹೆಸರು, ಒಳಗಡೆ ದ್ರಾಕ್ಷಿ.

ಈ ಖೋಲಿಗೆ ಒಂದು ಕಾನೂನಿತ್ತು. ತಿಂಗಳಿಗೊಂದು ಐತವಾರ ಮಧ್ಯಾಹ್ನ ಗಿರಣಿ ಬಂದ್ ಮಾಡಿ ಎಲ್ಲರೂ ಮೇಲೆ ಸೇರಬೇಕು. ಪುಸ್ತಕ ಆಗಬೇಕೆನ್ನುವವರು ತಮ್ಮ ಕವಿತೆಗಳನ್ನು ಓದಬೇಕು. ಚಪ್ಪಾಳೆ ಇಲ್ಲ, ವಾಹ್ ವಾಹ್ ಇಲ್ಲ. ಇನ್ನೊಮ್ಮೆ ಕೇಳಬೇಕು ಅನ್ನಿಸಿದವರು ಚಹಾ ಕುಡಿದ ಸ್ಟೀಲ್ ಲೋಟವನ್ನು ನೆಲಕ್ಕೆ ಬಡಿಯಬೇಕು. ಒಂದಾದರೂ ಲೋಟ ಸದ್ದು ಮಾಡಿದರೆ ಆ ಕವಿತೆ ಪುಸ್ತಕಕ್ಕೆ ಹೋಗುತ್ತದೆ, ಇಲ್ಲವಾದರೆ ಇಲ್ಲ. ಮರಾಠಿಗೂ ಇದೇ ಕಾನೂನು. ಭಾಷೆ ಬಾರದವರೂ ಬಡಿಯಬಹುದು, ಕಿವಿಗೆ ಹಿಡಿಸಿದರೆ ಸಾಕು.

ನಾನು ಗದಗಿನಿಂದ ಹೊತ್ತು ತಂದಿದ್ದ ಕವಿತೆಗಳನ್ನೆಲ್ಲ ಮೊದಲ ಐತವಾರವೇ ಓದಿದೆ. ಒಂದಕ್ಕೂ ಲೋಟ ಅಲುಗಲಿಲ್ಲ. ಗಿರಣಿಯ ಮಾಲೀಕ ಶಿಂದೆಮಾಮಾ ಲೋಟ ಎತ್ತಿದಾಗ ನನ್ನ ಜೀವಕ್ಕೆ ತಂಪಾಯಿತು. ಅವರು ಉಳಿದ ಚಹಾ ಕುಡಿದು ಮೆಲ್ಲಗೆ ಕೆಳಗಿಟ್ಟರು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಬಾಯಾರ" ಎಂದರು ದೇಸಾಯರು. "ನನ್ನ ಪುಸ್ತಕ ಇನ್ನೂ ಬಂದಿಲ್ಲ. ಪ್ರಕಾಶಕ ನಾನs ಇದ್ದೀನಿ."

ಆ ಮೇಲೆ ನಾನು ಕವಿತೆ ಓದುವುದನ್ನು ಬಿಟ್ಟು ಹಾಳೆ ಮಡಚುವುದಕ್ಕೆ ಕೂತೆ. ಈ ಕೆಲಸ ನನಗೆ ಒಗ್ಗಿತು. ಒಬ್ಬಂಟಿತನ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಚಳಿ ಬಿದ್ದ ಮೇಲಿನ ಒಂದು ಐತವಾರ. ನಾಶಿಕದ ಚಳಿ ನಮ್ಮ ಕಡೆಯವರಿಗೆ ತಿಳಿಯದು, ಮಧ್ಯಾಹ್ನವೂ ಶಾಲು ಬೇಕು. ಅಂಚೆ ಇಲಾಖೆಯ ನಮ್ಮ ಕಡೆಯ ಹುಡುಗನೊಬ್ಬ ತನ್ನ ಅಜ್ಜಿಯ ಕೌದಿಯ ಮೇಲೆ ಬರೆದ ಕವಿತೆ ಓದಿದ. ಒಂದೆರಡು ಲೋಟ ಸದ್ದಾದವು. ಅಷ್ಟರಲ್ಲಿ ಹೊರಗೆ ಮೆಟ್ಟಿಲ ಮೇಲಿನಿಂದ ಢಣ್ ಢಣ್ ಎಂದು ದೊಡ್ಡ ಸದ್ದು ಬಂತು.

ದೇಸಾಯರು ಎದ್ದು ಬಾಗಿಲಿಗೆ ಹೋದರು. "ಯಾರ್ರಿ ಅದು?"

"ನಾನ್ರಿ. ಹಿಟ್ಟಿಗಿ ಬಂದೀನ್ರಿ. ಗಿರಣಿ ಮಾಮಾ ಮ್ಯಾಲ ಅದಾನ ಅಂದ್ರು."

"ಮತ್ತ ಡಬ್ಬಿ ಯಾಕ ಬಡದ್ರಿ?"

"ಎಲ್ಲಾರೂ ವಾಟಗಾ ಬಡ್ಯಾಕತ್ತಿದ್ರಲ್ರಿ. ನನಗ್ಯಾರು ವಾಟಗಾ ಕೊಟ್ಟಾರ?"

ಖೋಲಿ ತುಂಬ ನಗು. ಒಳಗೆ ಬಂದವಳು ನೀಲವ್ವ. ಕಲಬುರ್ಗಿ ಜಿಲ್ಲೆಯವಳು. ರಸ್ತೆಯಾಚೆ ಎದ್ದು ನಿಲ್ಲುತ್ತಿದ್ದ ಎತ್ತರದ ಅಪಾರ್ಟ್‌ಮೆಂಟಿನ ಕೆಲಸಕ್ಕೆ ಗಂಡನ ಜೊತೆ ಬಂದು, ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದಳು. ಜೋಳದ ಡಬ್ಬಿಯನ್ನು ಪಕ್ಕಕ್ಕಿಟ್ಟು ಗೋಡೆಗೆ ಅಂಟಿಕೊಂಡು ಕೂತಳು. ಮಂಗಲತಾಯಿ ಅವಳ ಕೈಗೆ ಚಹಾ ಕೊಟ್ಟಳು. ಹುಡುಗ ಕೌದಿಯ ಕವಿತೆಯನ್ನು ಮತ್ತೆ ಓದಿದ. ಮುಗಿದ ಮೇಲೆ ನೀಲವ್ವ, "ಚಂದ ಅದರಿ. ನಾನೂ ಬುಟ್ಟಿ ಹೊರಾಗ ಇಂಥಾವ್ ಕಟ್ತಿರ್ತೀನಿ, ಹೊತ್ತು ಹೋಗ್ಬೇಕಲ್ರಿ" ಎಂದಳು. ಒಂದು ಹಾಡ್ರಿ ಅಂದರೆ, ಸುಮ್ಮನೆ ಕೂತು ಹಾಡಲು ಬರುವುದಿಲ್ಲ, ಕೈಗೆ ಏನಾದರೂ ಕೆಲಸ ಬೇಕು ಎಂದಳು. ನಾನು ನನ್ನ ಮುಂದಿದ್ದ ಹಾಳೆಗಳನ್ನು ಅವಳ ಕಡೆ ಸರಿಸಿದೆ. ಮಡಚುವುದನ್ನು ಒಮ್ಮೆ ನೋಡಿಕೊಂಡು, ತಾನೂ ಮಡಚುತ್ತ ಹಾಡಿದಳು.

ಎತ್ತರದ ಮನಿಯವ್ವ ನಿನ ಕಿಡಕಿ ತೆರಿಯವ್ವ
ಹೊತ್ತ ನೀರೆಲ್ಲ ಗ್ವಾಡೀಗಿ | ಕುಡಿಸೀನಿ
ಹೊತ್ತೇರಿದಾಗ ತಂಪಿರು

ಕಟ್ಟಿದ ಗೋಡೆ ಬಿರಿಯದಿರಲಿ ಎಂದು ದಿನಾ ನೀರು ಹೊಡೆಯುವ ಕೆಲಸ ಅವಳದು. ಆ ಮನೆಯಲ್ಲಿ ಮುಂದೆ ಇರಲು ಬರುವವಳು ಯಾರೋ ಏನೋ, ಅವಳಿಗೆ ಬಿಸಿಲು ತಾಗದಿರಲಿ ಎಂದು ಇವಳ ಹಾರೈಕೆ. ನನ್ನ ಕಣ್ಣು ತುಂಬಿ ಬಂತು. ಯಾವ ಲೋಟ ಮೊದಲು ಬಡಿಯಿತೋ ತಿಳಿಯದು, ಎಲ್ಲವೂ ಒಟ್ಟಿಗೇ ಬಡಿದವು. ದೇಸಾಯರ ಆಡುಮಾತು ಅಷ್ಟಿಷ್ಟು ಬಿಟ್ಟರೆ ಕನ್ನಡ ತಿಳಿಯದ ಮಂಗಲತಾಯಿ "ಪುನ್ಹಾ, ಪುನ್ಹಾ" ಎನ್ನುತ್ತಿದ್ದಳು. ಇನ್ನೊಮ್ಮೆ, ಇನ್ನೊಮ್ಮೆ ಎಂದು. ಶಿಂದೆಮಾಮಾ ಆ ದಿನ ಬೀಸಿದ ಹಿಟ್ಟಿಗೆ ಕೂಲಿ ತೆಗೆದುಕೊಳ್ಳಲಿಲ್ಲ.

ಆ ಚಳಿಗಾಲ ಪೂರ್ತಿ ನೀಲವ್ವನ ಹಾಡಿನದು. ಕೆಲಸ ಬಿಟ್ಟ ಮೇಲೆ ಸಂಜೆ ಹೊತ್ತು ಬರುತ್ತಿದ್ದಳು. ಅವಳು ಹಾಳೆ ಮಡಚುತ್ತ ಹಾಡುವುದು, ನಾನು ಫೋನಿನಲ್ಲಿ ಹಿಡಿದುಕೊಂಡು ಆಮೇಲೆ ಬರೆದುಕೊಳ್ಳುವುದು. ಒಂದೇ ಹಾಡನ್ನು ಇವತ್ತು ಒಂದು ಥರ ಹಾಡಿದರೆ ನಾಳೆ ಇನ್ನೊಂದು ಥರ. ಯಾವುದು ಖರೆ ಎಂದು ದೇಸಾಯರು ತಲೆ ಕೆಡಿಸಿಕೊಂಡರೆ, "ಎರಡೂ ಖರೇನ್ರಿ ಅಪ್ಪಾರ. ಅದು ಮುಂಜಾನಿಗಿ, ಇದು ಸಂಜಿಗಿ" ಎಂದುಬಿಡುತ್ತಿದ್ದಳು. ದೇಸಾಯರು ಸಂಜೆಯದನ್ನೇ ಇಟ್ಟುಕೊಂಡರು.

ಜೊತೆಗೆ ಮಗಳು ಭಾಗ್ಯಾ ಬರುತ್ತಿದ್ದಳು. ಹನ್ನೆರಡನೆಯ ಕ್ಲಾಸಿನ ಹುಡುಗಿ. ಮೆಟ್ಟಿಲ ಮೇಲೆ ಕೂತು ಪರೀಕ್ಷೆಗೆ ಓದಿಕೊಳ್ಳುವಳು. ತಾಯಿ ಕನ್ನಡದಲ್ಲಿ ಕೇಳಿದರೆ ಮಗಳು ಮರಾಠಿಯಲ್ಲಿ ಉತ್ತರ ಕೊಡುವಳು. ಇಬ್ಬರಿಗೂ ಅದರಲ್ಲಿ ಏನೂ ತೊಡಕಿರಲಿಲ್ಲ. ನೀಲವ್ವ ಅವಳ ಮೇಲೂ ಒಂದು ಹಾಡು ಕಟ್ಟಿದ್ದಳು.

ಮಗಳ ಸಾಲ್ಯಾಗ ಮಾತು ಬ್ಯಾರೆ ಅದವ್ವ
ಹಗಲೆಲ್ಲ ಅಲ್ಲಿ ನಕ್ಕಾಳ | ನನ ಮಗಳು
ಮುಗುಳ್ನಗಿ ಮನಿಗಿ ತಂದಾಳ

ಇದನ್ನು ಹಾಡಿದಾಗ ಭಾಗ್ಯಾ ನಾಚಿಕೊಂಡು ಪುಸ್ತಕದಲ್ಲಿ ಮುಖ ಹುದುಗಿಸುತ್ತಿದ್ದಳು.

ನೀಲವ್ವನ ಕುತ್ತಿಗೆಯಲ್ಲಿ ಒಂದು ಗಡ್ಡೆ ಇತ್ತು. ಸೆರಗು ಸುತ್ತಿ ಮುಚ್ಚಿಕೊಳ್ಳುತ್ತಿದ್ದಳು. ಚಳಿಗಾಲ ಮುಗಿಯುವ ಹೊತ್ತಿಗೆ ಅದು ದೊಡ್ಡದಾಯಿತು, ನುಂಗಲು ಕಷ್ಟ ಅಂದಳು. ನಾನೇ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಕೊಯ್ದು ತೆಗೆಯಬೇಕು, ಜೀವಕ್ಕೆ ಭಯವಿಲ್ಲ, ಆದರೆ ದನಿ ಮೊದಲಿನ ಹಾಗೆ ಉಳಿಯುತ್ತದೆ ಎಂದು ಹೇಳಲಾರೆ ಎಂದರು. ಅದೇ ಹೊತ್ತಿಗೆ ನೀಲವ್ವನವರ ಕಂತ್ರಾಟದಾರನ ಕೆಲಸ ಇಲ್ಲಿ ಮುಗಿಯುತ್ತ ಬಂದು, ಮುಂದಿನ ಸೈಟು ಸಂಭಾಜಿನಗರದಲ್ಲಿ ಎಂದಾಯಿತು. ಅಲ್ಲಿಯ ದೊಡ್ಡ ಸರ್ಕಾರಿ ದವಾಖಾನೆಯಲ್ಲೇ ಆಪರೇಷನ್ ಎಂದೂ ಗೊತ್ತಾಯಿತು.

ಆ ಸಂಜೆ ನೀಲವ್ವ ಹಾಳೆ ಮಡಚುತ್ತಲೇ ಇದ್ದಳು, ಹಾಡಲಿಲ್ಲ.

"ದನಿ ಹೋದ್ರ ಹೋಗ್ಲಿ ಅಕ್ಕಾರ. ಬುಟ್ಟಿ ಹೊರಾಕ ದನಿ ಬೇಕಾಗಂಗಿಲ್ಲ. ಹಾಡಿಂದೇನು ಮಾಡ್ಲಿ?"

"ಎಲ್ಲಾ ಫೋನಿನಾಗ ಹಿಡದೀನಲ್ಲ ನೀಲವ್ವಾ" ಎಂದೆ.

"ಫೋನಿನಾಗ ಇದ್ರ ಅದು ಫೋನಿಂದಾತು. ನಮ್ಮವ್ವನ ಹಾಡು ನನ್ನ ಬಾಯಾಗ ಅದಾವ್ರಿ. ನನ್ನವು ಇಕಿ ಬಾಯಾಗ ಇರ್ಬೇಕು." ಮೆಟ್ಟಿಲ ಕಡೆ ನೋಡಿದಳು. "ಹಾಡು ಅಂದ್ರ ನಾಚ್ತಾಳ. ಈ ಮಾತು ಆಕಿಗಿ ಕಿವಿಯಾಗ ಅದ, ನಾಲಿಗಿ ಮ್ಯಾಲ ಇಲ್ಲ."

ಮೆಟ್ಟಿಲ ಮೇಲಿದ್ದವಳಿಗೆ ಎಲ್ಲವೂ ಕೇಳಿಸಿತ್ತು. ಎದ್ದು ಬಂದು ತಾಯಿಯ ಪಕ್ಕ ಕೂತು ಮರಾಠಿಯಲ್ಲಿ ಹೇಳಿದಳು: ಆಯಿ, ಪುಸ್ತಕ ಬರಲಿ, ನಾನು ಓದಿ ಕಲಿಯುತ್ತೇನೆ, ನೀನು ಧಾಟಿ ಹೇಳಿಕೊಡು. ನೀಲವ್ವ ಅವಳ ತಲೆಯ ಮೇಲೆ ಕೈಯಿಟ್ಟಳು. ಆ ಮಾತನ್ನು ನಾವೆಲ್ಲ ಹಿಡಿದುಕೊಂಡೆವು. ನೀಲವ್ವನ ದನಿ ಇರುವಾಗಲೇ ಪುಸ್ತಕ ಆಗಬೇಕು, ಮಗಳ ಕೈ ಸೇರಬೇಕು.

ಮ್ಯಾಲಿನ ಖೋಲಿಯಲ್ಲಿ ಯಾವ ಪುಸ್ತಕಕ್ಕೂ ಅಂಥ ಅವಸರ ಆಗಿರಲಿಲ್ಲ. ಒಂದು ಕಡೆ ಅಕಾಲದ ಮಳೆ ಬಂದು ದ್ರಾಕ್ಷಿ ಕಡಿಯುವವರೆಲ್ಲ ಆಕಾಶ ನೋಡುತ್ತಿದ್ದರೆ, ನಾವು ಅಚ್ಚಿನವನ ದಾರಿ ನೋಡುತ್ತಿದ್ದೆವು. ದೇಸಾಯರದು ಒಂದೇ ಹಟ. ಹಾಡು ಬಲಪುಟದಲ್ಲಿ ಮಾತ್ರ ಇರಬೇಕು, ಎಡಪುಟ ಖಾಲಿ ಬಿಡಬೇಕು. "ಇಷ್ಟು ಕಾಗದ ಹಾಳು ಮಾಡುವುದಕ್ಕೆ ಇದೇನು ಶ್ರೀಮಂತರ ಮನೆಯ ಲಗ್ನಪತ್ರಿಕೆಯೇ?" ಎಂದು ಮಂಗಲತಾಯಿ ಮರಾಠಿಯಲ್ಲಿ ಜಗಳಕ್ಕೆ ಬಿದ್ದಳು. "ತಾಯಿ, ಆಕಿ ಹಾಡೂವಾಗ ನಡುವ ಉಸಿರು ತಗೋತಾಳಲ್ಲ, ಅಷ್ಟರೆ ಜಾಗಾ ಬ್ಯಾಡೇನು?" ಎಂದು ದೇಸಾಯರು ತಮ್ಮದನ್ನೇ ಸಾಧಿಸಿದರು. ದೊಡ್ಡ ದೊಡ್ಡ ಕನ್ನಡ ಅಕ್ಷರ, ಎದುರಿಗೆ ಬಿಳಿ ಪುಟ. ನಾಶಿಕದಲ್ಲಿ ಕನ್ನಡದ ಪುಸ್ತಕ ಹೀಗೆ ಬರಬೇಕೆಂದು ಅವರು ಎಷ್ಟು ವರ್ಷದಿಂದ ಕನಸು ಕಂಡಿದ್ದರೋ. ಮೊದಲ ಪ್ರತಿಯನ್ನು ಕೈಯಲ್ಲಿ ಹಿಡಿದು ಬೆರಳಿಂದ ಅಕ್ಷರ ಸವರಿ ನೋಡುತ್ತಿದ್ದರು.

ಬಿಡುಗಡೆ ನಡೆದದ್ದು ಅದೇ ಕಟ್ಟಡದ ನೆಲಮಾಳಿಗೆಯಲ್ಲಿ, ಕಾರು ನಿಲ್ಲಿಸಲು ಬಿಟ್ಟ ಜಾಗದಲ್ಲಿ. ಸೈಟಿನ ಹೆಂಗಸರು ತಲೆಯ ಸಿಂಬಿ ತೆಗೆದಿಟ್ಟು ಸಿಮೆಂಟಿನ ಖಾಲಿ ಚೀಲಗಳ ಮೇಲೆ ಕೂತರು. ಗಂಡಸರು ಕಂಬಗಳಿಗೆ ಒರಗಿ ನಿಂತರು. ದೇಸಾಯರು ಎರಡು ಮಾತಾಡಿ ಪುಸ್ತಕವನ್ನು ನೀಲವ್ವನ ಕೈಗಿತ್ತರು. ಅವಳು ಕಣ್ಣಿಗೊತ್ತಿಕೊಂಡು, ಮೂಸಿ ನೋಡಿ, "ದ್ರಾಕ್ಷಿ ವಾಸನಿ ಬರ್ತದ" ಎಂದು ನಕ್ಕು, ಮಗಳ ಕೈಗೆ ಕೊಟ್ಟಳು.

"ಓದವ್ವ."

ಭಾಗ್ಯಾ ಪುಸ್ತಕ ತೆರೆದಳು. ಒಂದು ಪುಟ ತಿರುವಿದಳು, ಇನ್ನೊಂದು ತಿರುವಿದಳು. ಹೆಂಗಸರೆಲ್ಲ ಅವಳ ಬಾಯಿಯನ್ನೇ ನೋಡುತ್ತಿದ್ದರು.

"ಯಾಕ ಓದವಲ್ಲಿ? ನಾಚಬ್ಯಾಡ."

ಹುಡುಗಿ ತಲೆ ಎತ್ತಲಿಲ್ಲ. "ಆಯಿ, ಮಲಾ ಹೇ ವಾಚತಾ ಯೇತ್ ನಾಹೀ" ಎಂದಳು. ಇದು ನನಗೆ ಓದಲು ಬರುವುದಿಲ್ಲ ಎಂದು.

ಬರುವುದಾದರೂ ಹೇಗೆ? ಒಂದನೇ ಕ್ಲಾಸಿನಿಂದ ಮರಾಠಿ ಶಾಲೆ. ಕನ್ನಡದ ಅಕ್ಷರ ಅವಳು ಕಂಡಿದ್ದರೆ ಊರಿಗೆ ಹೋದಾಗ ಬಸ್ಸಿನ ಬೋರ್ಡಿನ ಮೇಲೆ ಕಂಡಿರಬೇಕು. ಅವಳ ತಾಯಿಗೋ ಯಾವ ಅಕ್ಷರವೂ ಬಾರದು, ಹಾಗಾಗಿ ಪುಸ್ತಕ ಎಂದರೆ ಮಗಳಿಗೆ ಬಂದೇ ಬರುತ್ತದೆ ಎಂದುಕೊಂಡಿದ್ದಳು. ಭಾಗ್ಯಾಳಿಗೆ ಅದು ಕನ್ನಡ ಅಕ್ಷರದಲ್ಲಿ ಬರುತ್ತದೆ ಎಂದೇ ಹೊಳೆದಿರಲಿಲ್ಲ. ಮಂಗಲತಾಯಿ, ತಾಯಿಯ ಮಾತು ತಿಳಿಯುವ ಹುಡುಗಿಗೆ ಅಕ್ಷರವೂ ಬರುತ್ತದೆ ಎಂದು ನಂಬಿದ್ದಳು. ಇನ್ನು ದೇಸಾಯರು ಮತ್ತು ನನ್ನಂಥವರು ಕನ್ನಡದ ಹುರುಪಿನಲ್ಲಿ ಮೈಮರೆತಿದ್ದೆವು. ಇಷ್ಟು ಮಂದಿ ಓದುಬರಹದವರು ಚಳಿಗಾಲವೆಲ್ಲ ಕೂತು, ಯಾರಿಗಾಗಿ ಪುಸ್ತಕವೋ ಅವಳೊಬ್ಬಳು ಓದಲಾರದ ಪುಸ್ತಕ ಮಾಡಿದ್ದೆವು.

ನೀಲವ್ವ ಸಿಟ್ಟು ಮಾಡಲಿಲ್ಲ. ಮಗಳ ಕೈಯಿಂದ ಪುಸ್ತಕ ತೆಗೆದುಕೊಂಡು ಸೆರಗಿನಲ್ಲಿ ಸುತ್ತಿದಳು. "ಇರ್ಲಿ ಬಿಡ್ರಿ. ಮನ್ಯಾಗ ಒಂದು ಪುಸ್ತಕ ಇರ್ತದ" ಎಂದಳು. ಆ ಸಮಾಧಾನದ ಮಾತು ಕೇಳಿ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅದೇ ವಾರ ಅವರು ಪಾತ್ರೆ ಪಡಗ ಕಟ್ಟಿಕೊಂಡು ಸಂಭಾಜಿನಗರಕ್ಕೆ ಹೋದರು. ಆಪರೇಷನ್ ದಿನ ಹತ್ತಿರವಿತ್ತು. ದೇಸಾಯರು ಖೋಲಿಗೆ ಬರುವುದನ್ನೇ ನಿಲ್ಲಿಸಿದರು. ನಾನೂ ಮಂಗಲತಾಯಿಯೂ ಮಾಡಲು ಕೆಲಸವಿಲ್ಲದೆ ಪುಸ್ತಕದ ಗಂಟುಗಳ ಎದುರು ಕೂತು ಚಹಾ ಕುಡಿಯುತ್ತಿದ್ದೆವು. ಹೊಸದಾಗಿ ಮರಾಠಿ ಅಕ್ಷರದಲ್ಲಿ ಅಚ್ಚು ಹಾಕಿಸೋಣ ಎಂದರೆ ಅಷ್ಟು ಸಮಯವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ದೇಸಾಯರ ಎದುರು ಆ ಮಾತೆತ್ತುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಕನ್ನಡದ ಹಾಡನ್ನು ಕನ್ನಡ ಅಕ್ಷರದಿಂದ ಹೊರಗೆ ಹಾಕಿದರೆ ಅವರ ಪಾಲಿಗೆ ಉಳಿಯುವುದೇನು?

ಒಂದು ಮುಂಜಾನೆ ಅವರೇ ಬಂದರು. ಗಡ್ಡ ಬೆಳೆದಿತ್ತು. ಗಂಟಿನಿಂದ ಒಂದು ಪ್ರತಿ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಬಲಪುಟದಲ್ಲಿ ಹಾಡು, ಎಡಪುಟ ಖಾಲಿ. ಜೇಬಿನ ಪೆನ್ನು ತೆಗೆದು ಮಂಗಲತಾಯಿಯ ಕೈಗೆ ಕೊಟ್ಟರು.

"ತಾಯಿ, ನಾ ಹೇಳ್ತೀನಿ, ನೀವು ಬರೀರಿ. ನಿಮ್ಮ ಅಕ್ಷರದಾಗ."

ಮಂಗಲತಾಯಿ ನನ್ನನ್ನು ನೋಡಿದಳು. ನಾನು ದೇಸಾಯರನ್ನು ನೋಡಿದೆ.

"ಹಂಗ್ಯಾಕ ನೋಡ್ತೀರಿ ಬಾಯಾರ? ಬ್ಯಾಸರ ಆಗೇತಿ, ಸುಳ್ಳ ಯಾಕ ಹೇಳ್ಲಿ. ಆದ್ರ ಹುಡುಗಿ ಬಾಯಿಗೆ ಬಂದ್ರ ಅದು ಕನ್ನಡನs ಅಲ್ಲೇನು? ನನ್ನ ಅಕ್ಷರಕ್ಕ ಬಲಗಡೆ ಜಾಗಾ ಐತಿ. ಎಡಗಡೆ ಆಕಿಗೆ ಬಿಡೂಣು."

ಮನಸ್ಸು ದೊಡ್ಡದು ಎಂಬ ಮಾತನ್ನು ನಾವು ಸುಮ್ಮನೆ ಎಲ್ಲರಿಗೂ ಅನ್ನುತ್ತೇವೆ. ಅದನ್ನು ಕಣ್ಣಾರೆ ಕಂಡದ್ದು ನಾನು ಆ ಮುಂಜಾನೆ.

ದೇಸಾಯರು ಒಂದೊಂದು ಸಾಲನ್ನೂ ನಿಧಾನಕ್ಕೆ ಹೇಳಿದರು, ಮಂಗಲತಾಯಿ ಬೋರ್ಡಿನ ಮೇಲೆ ಬರೆಯುವ ಹಾಗೆ ದುಂಡಗೆ ಬರೆದಳು. ಒಂದು ಪ್ರತಿ ಸಾಕಿತ್ತು. ಆದರೆ ಸುದ್ದಿ ಹಬ್ಬಿ ಐತವಾರ ಎಲ್ಲರೂ ಬಂದು ಕೂತರು. ಸೈಟಿನಲ್ಲಿ ಇನ್ನೂ ಎಷ್ಟೋ ಮಕ್ಕಳು ಇದೇ ಥರ ಇದ್ದಾರೆ, ಇದ್ದಷ್ಟು ಪ್ರತಿಗಳಿಗೂ ಬರೆದುಬಿಡೋಣ ಎಂದು ಅಂಚೆಯ ಹುಡುಗನೇ ಹೇಳಿದ. ಮಂಗಲತಾಯಿ ಬರೆದದ್ದನ್ನು ನೋಡಿಕೊಂಡು ಎಲ್ಲರೂ ಬರೆಯತೊಡಗಿದೆವು. ಶಿಂದೆಮಾಮಾ ಗಿರಣಿ ಬಂದ್ ಮಾಡಿ ಹಿಟ್ಟಿನ ಕೈ ತೊಳೆದು ಬಂದರು. ತಾವು ಬರೆಯುತ್ತಿರುವುದರ ಅರ್ಥ ಅವರಿಗೆ ಗೊತ್ತಿರಲಿಲ್ಲ, ಆದರೂ ಅಕ್ಷರ ಮುತ್ತಿನಂತಿತ್ತು. ನಾನು ಶಾಲೆಯಲ್ಲಿ ಕಲಿತ ಹಿಂದಿಯ ಬಲದ ಮೇಲೆ ಬರೆದೆ. ನನ್ನ ಸಾಲುಗಳು ಗುಡ್ಡ ಹತ್ತುವಂತೆ ಮೇಲೆ ಮೇಲೆ ಹೋದವು. ಹಾಗಾಗಿ ಆ ಪುಸ್ತಕದ ಯಾವ ಎರಡು ಪ್ರತಿಗಳೂ ಒಂದೇ ಥರ ಇಲ್ಲ. ನನ್ನ ಕಪಾಟಿನದು ಶಿಂದೆಮಾಮಾ ಬರೆದದ್ದು, ಕೇಳಿ ಪಡೆದುಕೊಂಡಿದ್ದೇನೆ.

ಮಂಗಲತಾಯಿಯ ಕೈಯ ಪ್ರತಿ ತೆಗೆದುಕೊಂಡು ನಾವು ಮೂವರು ಎಸ್.ಟಿ. ಬಸ್ಸು ಹತ್ತಿದೆವು. ಯೇವಲಾ ದಾಟಿದ ಮೇಲೆ ಬಿಸಿಲು ಬೇರೆಯೇ ಆಯಿತು, ನಾಶಿಕದ ತಂಪು ಹಿಂದೆ ಉಳಿಯಿತು. ದಾರಿಯುದ್ದಕ್ಕೂ ದೇಸಾಯರು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಎರಡು ಕೈಯಲ್ಲಿ ಹಿಡಿದಿದ್ದರು. ದವಾಖಾನೆ ಮುಟ್ಟಿದಾಗ ಮಧ್ಯಾಹ್ನ. ಮರುದಿನ ಆಪರೇಷನ್. ನೀಲವ್ವ ಆವರಣದ ಬೇವಿನ ಮರದ ಕೆಳಗೆ, ಬೇರೆ ರೋಗಿಗಳ ಬುತ್ತಿಗಂಟುಗಳ ನಡುವೆ ಕೂತಿದ್ದಳು. ನಮ್ಮನ್ನು ಕಂಡು, "ಇಷ್ಟು ದೂರ ಯಾಕ ಬಂದ್ರಿ ಅಪ್ಪಾರ, ಬಿಸಲಾಗ?" ಎಂದು ಎದ್ದು ನಿಂತಳು. ದೇಸಾಯರು ಪುಸ್ತಕವನ್ನು ಪಕ್ಕದಲ್ಲಿದ್ದ ಭಾಗ್ಯಾಳ ಕೈಗೆ ಕೊಟ್ಟರು.

ಭಾಗ್ಯಾ ಪುಸ್ತಕ ತೆರೆದಳು. ಎಡಪುಟ ನೋಡಿದಳು. ತುಟಿ ಅಲುಗಿತು. ಮೊದಲು ಒಂದೊಂದೇ ಅಕ್ಷರ ಕೂಡಿಸಿ, ಆಮೇಲೆ ಮಾತು ಕೂಡಿಸಿ, "ಎತ್ತರದ ಮನಿಯವ್ವ" ಎಂದು ಓದಿದಳು. ಓದಿದ್ದು ತನಗೇ ಅರ್ಥವಾಗಿ, ಬೆರಗಾಗಿ ತಾಯಿಯ ಕಡೆ ನೋಡಿದಳು. ಮರಾಠಿ ಅಕ್ಷರದೊಳಗಿಂದ ಅವಳ ಮನೆಯ ಮಾತು ಬಂದಿತ್ತು. ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಮರದ ಕೆಳಗೆ ಉದುರಿದ್ದ ಬೇವಿನ ಎಲೆಗಳನ್ನು ಕೈಯಿಂದ ಒಟ್ಟುಮಾಡುತ್ತ, ಧಾಟಿ ಹೇಳಿಕೊಡಲು ಶುರುಮಾಡಿದಳು. ಕೈಗೆ ಕೆಲಸ ಬೇಕಲ್ಲ. ನರ್ಸು ಬಂದು ಒಳಗೆ ಕರೆಯುವ ತನಕ ಹಾಡಿದರು. ದೇಸಾಯರು ಸ್ವಲ್ಪ ದೂರ ಹೋಗಿ ನಮಗೆ ಬೆನ್ನು ಮಾಡಿ ನಿಂತಿದ್ದರು.

ಓದುವವರನ್ನು ಕಾಯಿಸುವುದು ನನಗೆ ಹಿಡಿಸುವುದಿಲ್ಲ, ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ನೀಲವ್ವ ಗುಣವಾದಳು. ದನಿ ಪೂರ್ತಿ ಹೋಗಲಿಲ್ಲ, ಆದರೆ ದಪ್ಪವಾಗಿ ಒಡೆದುಹೋಯಿತು. ಮಾತಿಗೆ ಸಾಕು, ಹಾಡಿಗೆ ಸಾಲದು. ಭಾಗ್ಯಾ ಸಂಭಾಜಿನಗರದಲ್ಲೇ ಕಾಲೇಜು ಸೇರಿದಳು. ಅವರ ಶೆಡ್ಡಿನೆದುರು ಈಗಲೂ ನಮ್ಮ ಖೋಲಿಯ ಹಾಗೆ ಐತವಾರ ಹಾಡು ಕೇಳಲು ಎಲ್ಲರೂ ಸೇರುತ್ತಾರೆ, ಸೈಟಿನ ಮಕ್ಕಳು ಎಡಪುಟ ನೋಡಿಕೊಂಡು ಹಾಡುತ್ತಾರಂತೆ. ಮ್ಯಾಲಿನ ಖೋಲಿಯ ಪುಸ್ತಕಗಳೆಲ್ಲ ಆಮೇಲೆ ಎಡಪುಟ ಖಾಲಿ ಬಿಟ್ಟೇ ಬರುತ್ತಿವೆ, ಮಂಗಲತಾಯಿ ಆಮೇಲೆ ಕಾಗದದ ಮಾತೆತ್ತಿಲ್ಲ. ನನ್ನ ಕವಿತೆಗಳಿಗೆ ಇಂದಿಗೂ ಪುಸ್ತಕಭಾಗ್ಯ ಬಂದಿಲ್ಲ, ನಿಜ ಹೇಳಬೇಕೆಂದರೆ ಬೇಸರವೂ ಇಲ್ಲ. ಒಬ್ಬಂಟಿಯಾಗಿ ಕಳೆಯಬೇಕಿದ್ದ ವರ್ಷವನ್ನು ಅವರು ನನಗೆ ಹೀಗೆ ತುಂಬಿಕೊಟ್ಟರು. ಆ ಋಣ ದೊಡ್ಡದು.

ಆಪರೇಷನ್ ಆಗಿ ಕೆಲವು ದಿನಕ್ಕೆ ರಜೆ ಹಾಕಿ ನಾನೊಬ್ಬಳೇ ಮತ್ತೆ ಹೋದೆ. ಹೆಂಗಸರ ವಾರ್ಡು. ನೀಲವ್ವ ಕುತ್ತಿಗೆಗೆ ಪಟ್ಟಿ ಕಟ್ಟಿಸಿಕೊಂಡು ಕಣ್ಣು ಮುಚ್ಚಿ ಮಲಗಿದ್ದಳು. ಮಾತಾಡಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಪಕ್ಕದಲ್ಲಿ ಭಾಗ್ಯಾ ಸ್ಟೂಲಿನ ಮೇಲೆ ಕೂತು, ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಸಣ್ಣ ದನಿಯಲ್ಲಿ ಹಾಡುತ್ತಿದ್ದಳು. ಕಿಡಕಿಯ ಹಾಡು. ಮೊದಲ ಸಾಲು ಸರಿಯಾಗಿ ಬಂತು. ಎರಡನೆಯದರಲ್ಲಿ ಧಾಟಿ ಸ್ವಲ್ಪ ಶಾಲೆಯ ಪ್ರಾರ್ಥನೆಯ ಕಡೆ ಜಾರಿತು. ಮೂರನೆಯದಕ್ಕೆ ಮತ್ತೆ ದಾರಿಗೆ ಬಂತು. ಮುಗಿಸಿ ತಾಯಿಯ ಮುಖ ನೋಡಿದಳು. ನೀಲವ್ವ ಕಣ್ಣು ತೆರೆಯಲಿಲ್ಲ.

ಅವಳ ಕೈ ಮಾತ್ರ ಮೆಲ್ಲಗೆ ಮಂಚದ ಪಕ್ಕದ ಕಪಾಟಿನ ಮೇಲೆ ತಡಕಾಡಿತು. ಅಲ್ಲಿ ನೀರಿನ ಸ್ಟೀಲ್ ಲೋಟ ಇತ್ತು. ಹಿಡಿದುಕೊಂಡು ಮಂಚದ ಕಬ್ಬಿಣಕ್ಕೆ ಬಡಿದಳು. ಟಣ್ ಎಂದಿತು. ವಾರ್ಡಿನವರೆಲ್ಲ ತಿರುಗಿ ನೋಡಿದರು.

"ಚೂಕ್ ಝಾಲೀ ಕಾ?" ಎಂದು ಭಾಗ್ಯಾ ಗಾಬರಿಯಿಂದ ನನ್ನನ್ನು ಕೇಳಿದಳು. ತಪ್ಪಾಯಿತೇ ಎಂದು.

"ತಪ್ಪಲ್ಲವ್ವ" ಎಂದೆ. "ಇನ್ನೊಮ್ಮೆ ಹಾಡು ಅಂತ."

ನೀಲವ್ವನ ಮುಚ್ಚಿದ ಕಣ್ಣಿನ ಅಂಚಿನಿಂದ ನೀರು ಇಳಿದು ಕಿವಿಯ ಕಡೆ ಹೋಗುತ್ತಿತ್ತು, ತುಟಿ ನಗುತ್ತಿತ್ತು. ಪಕ್ಕದ ಮಂಚದಲ್ಲಿ ಗಂಗಾಪುರ ಕಡೆಯ ಒಬ್ಬ ಮುದುಕಿ ಇದ್ದಳು. ಕನ್ನಡದ ಗಂಧವೂ ಅವಳಿಗಿರಲಿಲ್ಲ. ಇಲ್ಲಿಯ ಪದ್ಧತಿ ಹೀಗೆ ಎಂದುಕೊಂಡಳೋ ಏನೋ, ಅವಳೂ ತನ್ನ ಲೋಟ ಎತ್ತಿ ಬಡಿದಳು.

"ಹಾಡ್ತೀನಿ ಅವ್ವಾ" ಎಂದಳು ಭಾಗ್ಯಾ. ತಾಯಿಯನ್ನು ಅವಳು ಕನ್ನಡದಲ್ಲಿ ಮಾತಾಡಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಪುಸ್ತಕ ಮುಚ್ಚಿ ದಿಂಬಿನ ಪಕ್ಕ ಇಟ್ಟಳು. ಆಮೇಲೆ ಮೊದಲಿನಿಂದ ಹಾಡಿದಳು.